‘ಅಗಲಿಕೆ’ಗೆ ಹನ್ನೆರಡು ಫೋಟೋ ಬೇಕಂತೆ, ಖಾಲಿ ಬೆಂಚು ಬಿಟ್ಟು ಇನ್ನೇನು ತೂಗುಹಾಕಲಿ?

ಕತ್ತಲೆಕೋಣೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ 1989ರ ಯುಗಾದಿಯಿಂದ ಸ್ಟುಡಿಯೋ ಇಟ್ಟುಕೊಂಡಿರುವವನು ನಾನು. ಈ ವರ್ಷದ ಕೊನೆಗೆ ಬಾಗಿಲು ಹಾಕುತ್ತೇನೆ. ಕಟ್ಟಡದ ಮಾಲೀಕರ ಮಗ ಅಲ್ಲಿ ದರ್ಶಿನಿ ತೆರೆಯುತ್ತಾನಂತೆ. ನನಗೇನೂ ಬೇಸರವಿಲ್ಲ, ಕಾಫಿಗೆ ಚಿಕೋರಿ ಜಾಸ್ತಿ ಸುರಿಯದಿದ್ದರೆ ಸಾಕು.

ಅಂಗಡಿ ಖಾಲಿ ಮಾಡುತ್ತಿರುವ ಸುದ್ದಿ ತಿಳಿದು ನಮ್ಮ ಬಡಾವಣೆಯ ವಾಚನಾಲಯದವರು ನನ್ನ ಕೊರಳಿಗೆ ಒಂದು ಕೆಲಸ ಕಟ್ಟಿದ್ದಾರೆ. ಆಗಸ್ಟ್ 19, ವಿಶ್ವ ಛಾಯಾಗ್ರಹಣ ದಿನ. ಅಂದು ಪತ್ರಿಕೆ ಓದುವ ಮೇಜುಗಳನ್ನು ಬದಿಗೆ ಸರಿಸಿ ಗೋಡೆಯ ಮೇಲೆ ಹನ್ನೆರಡು ಫೋಟೋ ತೂಗುಹಾಕಬೇಕು. ಎಲ್ಲವೂ ಹತ್ತಕ್ಕೆ ಹನ್ನೆರಡು ಇಂಚು. ವಿಷಯ ‘ಅಗಲಿಕೆ’. ಆರಿಸುವ ಹೊಣೆ ನನ್ನದು.

ಈವರೆಗೆ ಬಂದಿರುವುದನ್ನು ಹೇಳುತ್ತೇನೆ. ಕಬ್ಬನ್ ಪಾರ್ಕಿನ ಖಾಲಿ ಬೆಂಚು ಮೂರು, ಮೂರೂ ಒಂದೇ ಬೆಂಚು ಎಂದು ನನ್ನ ಗುಮಾನಿ. ರೈಲು ಹಳಿ ಎರಡು. ಒಣಗಿದ ಎಲೆ ಒಂದು. ಸಂಜೆಯ ಬೆಳಕಿನಲ್ಲಿ ಬೆನ್ನು ತಿರುಗಿಸಿ ನಡೆದುಹೋಗುತ್ತಿರುವ ಹುಡುಗಿ ಒಬ್ಬಳು. ಆ ಹುಡುಗಿಯನ್ನು ನಡೆಸಿ, ಹಿಂದಕ್ಕೆ ಕರೆದು, ಮತ್ತೆ ನಡೆಸಿ ಆರೇಳು ಸಲ ತೆಗೆದಿದ್ದಾರೆ ಎಂಬುದಕ್ಕೆ ಒದ್ದೆ ಮಣ್ಣಿನಲ್ಲಿ ಮೂಡಿರುವ ಅವಳದೇ ಚಪ್ಪಲಿಯ ಗುರುತುಗಳು ಸಾಕ್ಷಿ. ಹೋಗುವ ಗುರುತೆಷ್ಟೋ ಬರುವ ಗುರುತೂ ಅಷ್ಟೇ ಇವೆ.

ನನ್ನ ತಕರಾರು ಇಷ್ಟು. ಇಷ್ಟು ವರ್ಷಗಳಲ್ಲಿ ‘ನಾವು ಅಗಲುತ್ತಿದ್ದೇವೆ, ಒಂದು ಫೋಟೋ ತೆಗೆಯಿರಿ’ ಎಂದು ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಜನ ಬರುವುದು ಸೇರುವಾಗ. ನಿಶ್ಚಿತಾರ್ಥಕ್ಕೆ ಬರುತ್ತಾರೆ, ನಾಮಕರಣಕ್ಕೆ ಬರುತ್ತಾರೆ. ಆದರೆ ಅಗಲಿಸುವ ಕೆಲಸವನ್ನು ನಾನು ವಾರಕ್ಕೊಂದು ಸಲವಾದರೂ ಮಾಡಿದ್ದೇನೆ, ಬಿಲ್ಲನ್ನೂ ಬರೆದಿದ್ದೇನೆ.

ಮನೆಯಲ್ಲಿ ಹಿರಿಯ ಹೆಂಗಸೊಬ್ಬರು ತೀರಿಕೊಂಡರೆ ನಾಲ್ಕೈದು ದಿನ ಬಿಟ್ಟು ಮಗ ಬರುತ್ತಾನೆ. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿಡಲು ದೊಡ್ಡ ಫೋಟೋ ಬೇಕು. ಆದರೆ ಆಕೆ ಒಬ್ಬರೇ ಕುಳಿತು ತೆಗೆಸಿಕೊಂಡದ್ದು ಒಂದೂ ಇರುವುದಿಲ್ಲ. ಇರುವುದು ಯಾರದೋ ಮದುವೆಯ ಗುಂಪು ಫೋಟೋ. ಅದರಿಂದ ತಾಯಿಯನ್ನು ಬಿಡಿಸಿ ಕೊಡಬೇಕು.

1993ರಲ್ಲಿ ನಲವತ್ತು ದಾಟಿದವರೊಬ್ಬರು ಅಂಥದೊಂದನ್ನು ತಂದರು. ಕುರ್ಚಿಯಲ್ಲಿ ತಾಯಿ, ಮಡಿಲಲ್ಲಿ ಬೋಳುತಲೆಯ ಮಗು. ಮಗುವಿನ ನೆತ್ತಿ ತಾಯಿಯ ಗದ್ದಕ್ಕೆ ತಾಗುವಂತಿದೆ. ಎದೆಮಟ್ಟದ ಚಿತ್ರ ಬೇಕೆಂದರೆ ಮಗುವನ್ನು ತೆಗೆಯದೆ ಬೇರೆ ದಾರಿಯಿಲ್ಲ. ‘ಯಾರು ಈ ಮಗು?’ ಎಂದು ಕೇಳಿದೆ. ‘ನಾನೇ. ತೆಗೆದುಬಿಡಿ’ ಎಂದರು.

ಆಗ ಕಂಪ್ಯೂಟರ್ ಎಲ್ಲಿತ್ತು? ಹಳೆಯ ಫೋಟೋವನ್ನು ಮತ್ತೊಮ್ಮೆ ಕ್ಯಾಮೆರಾದಲ್ಲಿ ತೆಗೆದು, ದೊಡ್ಡದಾಗಿ ಮುದ್ರಿಸಿ, ಬ್ರೋಮೈಡ್ ಕಾಗದದ ಮೇಲೆ ಕುಂಚದಿಂದ ತಿದ್ದಿ, ತಿದ್ದಿದ್ದನ್ನು ಮತ್ತೆ ಫೋಟೋ ತೆಗೆಯಬೇಕಿತ್ತು. ಮಗುವಿನ ತಲೆಯಿದ್ದ ಜಾಗದಲ್ಲಿ ನಾನು ಸೀರೆ ಬರೆದೆ. ಮಗುವಿನ ಹಿಂದೆ ಸೆರಗಿನ ಅಂಚು ಹೇಗೆ ಹಾದುಹೋಗಿತ್ತೋ ಯಾರು ಕಂಡವರು! ಎಡಕ್ಕೆ ಕಾಣುವ ಅಂಚನ್ನೂ ಬಲಕ್ಕೆ ಕಾಣುವ ಅಂಚನ್ನೂ ಹಿಡಿದು ನಡುವಿನದನ್ನು ಅಂದಾಜಿನಿಂದ ಜೋಡಿಸಿದೆ. ರಾತ್ರಿ ಹನ್ನೊಂದಕ್ಕೆ ಮುಗಿಯಿತು. ನೋಡಿದರೆ ಒಂದು ಎಡವಟ್ಟು. ಮಗು ತಾಯಿಯ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಮುಷ್ಟಿಯನ್ನು ಅಳಿಸಿದ್ದೆ, ಸರವನ್ನು ಮರೆತಿದ್ದೆ. ಕೊರಳಿನಿಂದ ನೇರ ಇಳಿಯಬೇಕಾದ ಸರ ಬಲಗಡೆಗೆ ಎಳೆದುಕೊಂಡು ನಿಂತಿತ್ತು, ಎಳೆದವರು ಇಲ್ಲದೆ. ತಿದ್ದಿಕೊಡುತ್ತೇನೆ ಎಂದೆ. ಅವರು ಎರಡು ನಿಮಿಷ ನೋಡಿ, ‘ಇರಲಿ ಬಿಡಿ’ ಎಂದು ದುಡ್ಡು ಕೊಟ್ಟು ಹೋದರು. ಅದರ ಒಂದು ಪ್ರತಿ ನನ್ನಲ್ಲಿದೆ.

ಇದಕ್ಕೆ ತಿರುವುಮುರುವಾದ ಕೆಲಸ ಪಾಸ್‌ಪೋರ್ಟಿನದು. ದೊಡ್ಡವರ ಪಾಸ್‌ಪೋರ್ಟ್ ಫೋಟೋವನ್ನು ಈಗ ಸೇವಾ ಕೇಂದ್ರದಲ್ಲೇ ತೆಗೆಯುತ್ತಾರೆ, ನಮ್ಮ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ಮಾತ್ರ ಹೊರಗಿನಿಂದ ತರಬೇಕು. ಬಿಳಿಯ ಹಿನ್ನೆಲೆ ಇರಬೇಕು, ಮಗುವಿನ ಕಣ್ಣು ತೆರೆದಿರಬೇಕು, ಬೇರೆ ಯಾರೂ ಕಾಣಬಾರದು. ಕುತ್ತಿಗೆ ನಿಲ್ಲದ ಮೂರು ತಿಂಗಳ ಕೂಸು ಒಂಟಿಯಾಗಿ ಹೇಗೆ ಕುಳಿತೀತು? ಅದಕ್ಕೆ ತಾಯಿಯ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸುತ್ತೇನೆ. ಆಕೆ ಒಳಗಿನಿಂದ ಕೂಸನ್ನು ಹಿಡಿದಿರುತ್ತಾಳೆ. ಬೆರಳೇನಾದರೂ ಕಂಡರೆ ಆಮೇಲೆ ಅಳಿಸುತ್ತೇನೆ. ಹಾಗೆ ಅಳಿಸದೆ ಉಳಿದ ಒಂದು ಚಿತ್ರವಿದೆ. ಬಿಳಿಯ ನಡುವೆ ಕೂಸು, ಕಂಕುಳ ಕೆಳಗೆ ಯಾರದೋ ನಾಲ್ಕು ಬೆರಳು. ಹನ್ನೆರಡರಲ್ಲಿ ಒಂದೇ ಒಂದನ್ನು ಆರಿಸು ಎಂದರೆ ಇದನ್ನೇ ಆರಿಸುತ್ತೇನೆ.

ಇನ್ನೊಂದು ಮಾತು. ಮೂರು ಬಿಸ್ಕತ್ತು ಡಬ್ಬಗಳ ತುಂಬ ಯಾರೂ ತೆಗೆದುಕೊಂಡು ಹೋಗದ ಫೋಟೋ ಕವರ್‌ಗಳಿವೆ. ಮುಂಗಡ ಕೊಟ್ಟು ಹೋದವರು ತಿರುಗಿ ಬರಲಿಲ್ಲ. ನಾನೂರಕ್ಕೂ ಹೆಚ್ಚು.

ಇವೆಲ್ಲ ‘ಅಗಲಿಕೆ’ಯಲ್ಲಿ ಸೇರುತ್ತವೆಯೇ, ಇಲ್ಲ ನನಗೆ ವಯಸ್ಸಾಯಿತೇ? ಸೇರುತ್ತವೆ ಎಂದಾದರೆ, ಬಂದು ಕೇಳದವರ ಮುಖವನ್ನು ಅವರಿಗೆ ಹೇಳದೆ ಗೋಡೆಗೆ ಹಾಕಬಹುದೇ?


ಬೆಂಚಿನವನು

ಸರ್, ಆ ಮೂರು ಬೆಂಚುಗಳಲ್ಲಿ ಒಂದು ನನ್ನದು. ಬ್ಯಾಂಡ್‌ಸ್ಟ್ಯಾಂಡ್ ಹತ್ತಿರದ್ದು. ಉಳಿದ ಎರಡು ಬೇರೆ ಬೆಂಚುಗಳಿರಬಹುದು.

ಎಂಟು ತಿಂಗಳು ಪ್ರತಿ ಭಾನುವಾರ ನಾನು ಅಲ್ಲಿ ಕುಳಿತಿದ್ದೇನೆ, ಒಬ್ಬನೇ ಅಲ್ಲ. ಈಗ ಭಾನುವಾರಗಳಲ್ಲಿ ಒಬ್ಬನೇ ಹೋಗಿ ಕ್ಯಾಮೆರಾ ಹಿಡಿದು ನಿಂತಿದ್ದೇನೆ, ಕುಳಿತುಕೊಳ್ಳಲು ಮನಸ್ಸಾಗಿಲ್ಲ. ಇದು ಚಿತ್ರದಲ್ಲಿ ಕಾಣುವುದಿಲ್ಲ ಎಂದು ನನಗೂ ಗೊತ್ತು. ಹಾಕದಿದ್ದರೂ ಚಿಂತೆಯಿಲ್ಲ, ಎಲ್ಲರೆದುರು ನಗಬೇಡಿ.


ಕತ್ತಲೆಕೋಣೆ

ತಪ್ಪಾಯಿತು ತಮ್ಮಾ. ನಾಲಿಗೆ ಉದ್ದ ಎಂದು ಮನೆಯಲ್ಲೂ ಬೈಯುತ್ತಾರೆ.

ನಿಮ್ಮ ಚಿತ್ರವನ್ನು ಈಗ ಮತ್ತೆ ತೆರೆದು ನೋಡಿದೆ. ಬೆಂಚಿನ ಹಿಂದೆ ನಿಂತಿದ್ದ ಒಬ್ಬರನ್ನು ಅಳಿಸಿದ್ದೀರಿ, ಅಲ್ಲವೇ? ಬಲೂನು ಮಾರುವವರಿರಬೇಕು. ಅವರನ್ನು ತೆಗೆದಿರಿ, ನೆಲದ ಮೇಲಿನ ನೆರಳನ್ನು ಬಿಟ್ಟಿದ್ದೀರಿ. ಸರದ ವಿಷಯದಲ್ಲಿ ನಾನು ಮಾಡಿದ್ದೂ ಅದೇ. ಅಳಿಸದ ಮೂಲ ಪ್ರತಿ ಇದ್ದರೆ ಕಳಿಸಿ. ಪಾರ್ಕೆಂದರೆ ಜನ ಇರುತ್ತಾರೆ. ಜನರ ನಡುವೆ ಖಾಲಿಯಿರುವ ಬೆಂಚಿಗೆ ಹೆಚ್ಚು ಅರ್ಥವಿದೆ.


ನಿವೃತ್ತ ಮೇಷ್ಟರು

ಮೊದಲು ಪದದ ವಿಚಾರ ಹೇಳಿಬಿಡುತ್ತೇನೆ, ಅದು ನನ್ನ ಚಟ. ಫೋಟೋದವರು ದಿನವೂ ಕೇಳುವ ‘ಅಗಲ ಎಷ್ಟು, ಉದ್ದ ಎಷ್ಟು’ ಎಂಬಲ್ಲಿನ ಅಗಲಕ್ಕೂ ಅಗಲಿಕೆಗೂ ಬೇರು ಒಂದೇ. ಎರಡರ ನಡುವೆ ಜಾಗ ಹಿಗ್ಗಿದರೆ ಅಗಲ, ಇಬ್ಬರ ನಡುವೆ ಹಿಗ್ಗಿದರೆ ಅಗಲಿಕೆ. ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ‘ನೀವು ನಮ್ಮನ್ನಗಲಿ ಇಂದಿಗೆ ಒಂದು ವರ್ಷ’ ಎಂದು ಬರುತ್ತದಲ್ಲ, ಅದರ ಮೇಲೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಮುಖವಿರುತ್ತದೆ. ನಮ್ಮ ಊರಿನಲ್ಲಿ ಅಗಲಿಕೆ ಎಂಬ ಪದವೂ ಫೋಟೋವೂ ದಿನವೂ ಜೊತೆಯಾಗಿ ಅಚ್ಚಾಗುವುದು ಅಲ್ಲಿ ಒಂದೇ ಕಡೆ. ಈಗ ಅದೇ ಮುಖ ವೃತ್ತದ ಬಳಿ ಹತ್ತಡಿಯ ಫ್ಲೆಕ್ಸ್ ಆಗಿ ನಿಲ್ಲುತ್ತದೆ, ಕೆಳಗೆ ಶೋಕ ವ್ಯಕ್ತಪಡಿಸುವವರ ಮುಖಗಳೇ ಹೆಚ್ಚು. ಅದಿರಲಿ.

ಲೋಕಪ್ರಸಿದ್ಧವಾದ ಚಿತ್ರಗಳಿಂದ ಎರಡನ್ನಾದರೂ ಹಾಕಿ. ಒಂದು 1961ರ ಆಗಸ್ಟ್ 15ರದು. ಅಂದು ನಮಗೆ ಸ್ವಾತಂತ್ರ್ಯ ದಿನ, ಬರ್ಲಿನ್‌ನಲ್ಲಿ ಊರನ್ನು ಸೀಳಲು ಶುರು ಮಾಡಿದ ಮೂರನೆಯ ದಿನ. ಪೂರ್ವ ಜರ್ಮನಿಯ ಹತ್ತೊಂಬತ್ತು ವರ್ಷದ ಕಾವಲುಗಾರ ಕಾನ್ರಾಡ್ ಶೂಮನ್ ಮುಳ್ಳುತಂತಿಯ ಸುರುಳಿಯನ್ನು ಹಾರಿ ಪಶ್ಚಿಮಕ್ಕೆ ಬಂದ. ಹಾರಿದ ಕ್ಷಣವನ್ನು ಪೀಟರ್ ಲೈಬಿಂಗ್ ಎಂಬ ತರುಣ ಹಿಡಿದ. ಅವನ ಕೈಯಲ್ಲಿದ್ದ ಎಕ್ಸಾಕ್ಟಾ ಕ್ಯಾಮೆರಾ ಪೂರ್ವ ಜರ್ಮನಿಯಲ್ಲೇ ತಯಾರಾದದ್ದು ಎಂಬುದನ್ನು ಕತ್ತಲೆಕೋಣೆಯವರು ಮೆಚ್ಚಿಯಾರು. ಎಲ್ಲರೂ ಈ ಚಿತ್ರವನ್ನು ಸ್ವಾತಂತ್ರ್ಯದ ನೆಗೆತ ಎನ್ನುತ್ತಾರೆ. ನೀವು ತಂತಿಯನ್ನು ನೋಡಿ. ಗೋಡೆ ಇನ್ನೂ ಎದ್ದಿಲ್ಲ, ತಂತಿ ಮೊಣಕಾಲು ಮಟ್ಟಕ್ಕಿಂತ ಬಹಳ ಮೇಲಿಲ್ಲ. ಹುಡುಗರು ಆಟದಲ್ಲಿ ದಾಟುವಷ್ಟು ಎತ್ತರ. ಅದನ್ನು ದಾಟಿದವನ ಮನೆಯವರು ಆ ಕಡೆಯೇ ಉಳಿದರು. ಗೋಡೆ ಬಿದ್ದದ್ದು 1989ರ ನವೆಂಬರ್ 9ರಂದು, ಇಪ್ಪತ್ತೆಂಟು ವರ್ಷದ ಮೇಲೆ. ಒಂಬತ್ತು ವರ್ಷ ಕಳೆದು, 1998ರಲ್ಲಿ, ಶೂಮನ್ ತನ್ನ ಜೀವವನ್ನು ತಾನೇ ತೆಗೆದುಕೊಂಡ.

ಇನ್ನೊಂದು 1947ರ ಆಗಸ್ಟ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಬಂದ ಡೇವಿಡ್ ಡಗ್ಲಸ್ ಡಂಕನ್ ಅವರ ಚಿತ್ರ. ಗ್ರಂಥಾಲಯದೊಳಗೆ ಪುಸ್ತಕಗಳ ಎರಡು ರಾಶಿ, ಒಂದರ ಮೇಲೆ ‘ಇಂಡಿಯಾ’ ಎಂಬ ಫಲಕ, ಇನ್ನೊಂದರ ಮೇಲೆ ‘ಪಾಕಿಸ್ತಾನ’. ನಡುವೆ ತಲೆಗೆ ಕೈ ಹೊತ್ತು ಕುಳಿತ ಮನುಷ್ಯ. ಕ್ಯಾಮೆರಾಕ್ಕಾಗಿಯೇ ಹಾಗೆ ಕೂರಿಸಿದರು ಎಂಬ ವಾದವಿದೆ, ನನಗೂ ಹಾಗೆಯೇ ಅನ್ನಿಸುತ್ತದೆ. ನಿಮ್ಮ ಚಪ್ಪಲಿ ಗುರುತಿನ ಹುಡುಗಿಯ ಸಾಲಿಗೇ ಸೇರಿಸಿ ಬೇಕಾದರೆ. ಆದರೂ ಮನೆ ಪಾಲಾಗುವಾಗ ಪಾತ್ರೆ ಎಣಿಸುತ್ತಾ ಕುಳಿತವರನ್ನು ಕಂಡಿರುವ ನಮಗೆ ಅದು ಹೊಸದಲ್ಲ. ನಮ್ಮ ತಂದೆಯವರ ಕಾಲದಲ್ಲಿ ಒಂದು ಹಂಡೆಗಾಗಿ ಎರಡು ಮನೆಗಳ ಮಾತು ನಿಂತಿತ್ತು.


ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜಿ ತಾತನ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ಗೋಡೆ ಒಸರಿತ್ತು. ಗಾಜಿನಿಂದ ಬೇರೆ ಮಾಡುವುದು ಹೇಗೆ?


ಕತ್ತಲೆಕೋಣೆ

ಮಾಡಬೇಡಿ. ಫೋಟೋದ ಮೇಲ್ಪದರ ಜೆಲಟಿನ್ನಿನದು. ತೇವ ತಾಗಿದರೆ ಅದು ಮೆತ್ತಗಾಗಿ ಗಾಜನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಅಜ್ಜಿ ತಾತ ಗಾಜಿನ ಮೇಲೆ ಉಳಿಯುತ್ತಾರೆ. ಬ್ಲೇಡು, ಬಿಸಿನೀರು, ಕೂದಲು ಒಣಗಿಸುವ ಯಂತ್ರ ಯಾವುದೂ ಬೇಡ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಒಣ ಜಾಗದಲ್ಲಿಡಿ. ಮುಂದೆ ಯಾವ ಫೋಟೋಗೆ ಕಟ್ಟು ಹಾಕಿಸಿದರೂ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಕೊಡಿಸಿ, ಒಂದು ನೂಲಿನಷ್ಟಾದರೂ ಗಾಳಿ ಆಡಲಿ.

ಮೇಷ್ಟರೇ, ನೀವು ಹೇಳಿದ ಅಗಲ ಇದೇ ಇರಬೇಕು.

ಬರ್ಲಿನ್ ಚಿತ್ರ ಖಂಡಿತ ಚೆನ್ನಾಗಿದೆ. ಆದರೆ ಅದನ್ನು ಗೋಡೆಗೆ ಹಾಕಿದರೆ ಜನ ಅದರ ಮುಂದೆಯೇ ನಿಂತು ಸೆಲ್ಫಿ ತೆಗೆದುಕೊಂಡು ಹೊರಟುಹೋಗುತ್ತಾರೆ. ನಮ್ಮ ಓರೆ ಸರವನ್ನು ನೋಡುವವರು ಯಾರು? ಹಕ್ಕುಗಳ ತಾಪತ್ರಯವೂ ಇದೆ. ಪುಸ್ತಕದಲ್ಲಿರುವುದನ್ನು ಮೇಜಿನ ಮೇಲೆ ತೆರೆದಿಡುತ್ತೇನೆ, ವಾಚನಾಲಯ ತಾನೇ.


ನಾಲ್ಕು ಫಿಲಂ

ಎಲ್ಲರೂ ಮನುಷ್ಯರ ಅಗಲಿಕೆಯನ್ನೇ ಹೇಳುತ್ತಿದ್ದೀರಿ. ಚಾಮರಾಜಪೇಟೆಯ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ನನ್ನ ಹುದ್ದೆಯೇ ‘ಸೆಪರೇಷನ್’. ಮನೆಗೆ ಹೆಣ್ಣು ನೋಡಲು ಹೋದಾಗ ಭಾವಿ ಮಾವನವರು ಏನು ಕೆಲಸ ಎಂದು ಕೇಳಿದರು. ‘ಕಲರ್ ಸೆಪರೇಷನ್’ ಎಂದೆ. ಅರ್ಧ ಮಾತ್ರ ಕೇಳಿಸಿತೋ ಏನೋ, ಒಳಗೆ ಹೋಗಿ ಅತ್ತೆಯವರ ಹತ್ತಿರ ಗುಸುಗುಸು ಮಾಡಿದರು.

ಕೆಲಸ ಇಷ್ಟೇ. ಬಂದ ಬಣ್ಣದ ಚಿತ್ರವನ್ನು ನಾಲ್ಕು ಫಿಲಂ ಮಾಡುವುದು. ಕೆಂಪು ಫಿಲ್ಟರ್ ಇಟ್ಟು ತೆಗೆದರೆ ನೀಲಿಹಸಿರು ಸಯಾನ್‌ನ ಫಿಲಂ, ಹಸಿರಿನಿಂದ ಮಜೆಂಟಾ, ನೀಲಿಯಿಂದ ಹಳದಿ, ಕೊನೆಗೆ ಕಪ್ಪು. ಒಂದೊಂದೂ ಬೇರೆ ಬೇರೆ ಕೋನದಲ್ಲಿ ಚುಕ್ಕಿಗಳಾಗಬೇಕು, ಇಲ್ಲದಿದ್ದರೆ ಮುದ್ರಣದಲ್ಲಿ ಅಲೆಯಲೆಯಾದ ಕಲೆ ಏಳುತ್ತದೆ. ಕಪ್ಪಿಗೆ 45 ಡಿಗ್ರಿ, ಮಜೆಂಟಾಕ್ಕೆ 75, ಸಯಾನ್‌ಗೆ 15, ಹಳದಿ ನೆಟ್ಟಗೆ. ಬೇರೆ ಮಾಡುವುದು ಸುಲಭ, ಮತ್ತೆ ಕೂಡಿಸುವಾಗ ನೋಡಬೇಕು ಫಜೀತಿ. ಕೂದಲೆಳೆಯಷ್ಟು ಸರಿದರೂ ‘ರಿಜಿಸ್ಟರ್ ಹೋಗಿದೆ’ ಎಂದು ಯಂತ್ರದವರು ಕೂಗುತ್ತಿದ್ದರು. ಲಗ್ನಪತ್ರಿಕೆಯ ಗಣಪತಿಗೆ ಎರಡು ಸೊಂಡಿಲು ಬಂದದ್ದುಂಟು.

ನಿಮ್ಮ ಗೋಡೆಗೆ ನನ್ನ ಸಲಹೆ ರಷ್ಯಾದ ಪ್ರೊಕುದಿನ್ ಗೋರ್ಸ್ಕಿ ಅವರ ಒಂದು ಚಿತ್ರ. 1909ರಿಂದ 1915ರವರೆಗೆ ತ್ಸಾರ್ ದೊರೆಯ ದೇಶವನ್ನೆಲ್ಲ ಸುತ್ತಿ, ಒಂದೇ ಗಾಜಿನ ಪಟ್ಟಿಯ ಮೇಲೆ ನೀಲಿ, ಹಸಿರು, ಕೆಂಪು ಫಿಲ್ಟರ್‌ಗಳಲ್ಲಿ ಒಂದಾದ ಮೇಲೊಂದು ಮೂರು ಸಲ ತೆಗೆಯುತ್ತಿದ್ದರು. ಕ್ರಾಂತಿಯ ನಂತರ 1918ರಲ್ಲಿ ದೇಶ ಬಿಟ್ಟವರು ಮರಳಲಿಲ್ಲ, ಪ್ಯಾರಿಸ್‌ನಲ್ಲಿ ತೀರಿಕೊಂಡರು. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಮಕ್ಕಳಿಂದ ಗಾಜುಗಳನ್ನು ಕೊಂಡಿತು. ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಕ್ಕುಗಳ ರಗಳೆಯಿಲ್ಲ. ಸುಮ್ಮನೆ ನಿಂತ ಮನೆ, ಗೋಪುರ, ಬೆಟ್ಟಗಳು ಅವುಗಳಲ್ಲಿ ನಿನ್ನೆ ತೆಗೆದಂತಿವೆ. ಹರಿಯುವ ನೀರು ಮಾತ್ರ ಕಾಮನಬಿಲ್ಲಿನ ಚೂರುಗಳಾಗಿದೆ. ಮೂರು ಬಾರಿಯ ನಡುವೆ ಮಗುವೊಂದು ತಲೆ ಅಲುಗಿಸಿದ್ದರೆ ಅದರ ಸುತ್ತ ಕೆಂಪು, ಹಸಿರು, ನೀಲಿ ಮೂವರು ಮಕ್ಕಳು. ಬಣ್ಣಗಳು ಒಂದನ್ನೊಂದು ಬಿಟ್ಟುಹೋಗಿರುವುದು ಬರಿಗಣ್ಣಿಗೆ ಕಾಣುತ್ತದೆ.

ಅಷ್ಟು ದೂರ ಹೋಗುವುದು ಬೇಡವೆಂದರೆ ಯಾರ ಮನೆಯಲ್ಲಾದರೂ ಎಪ್ಪತ್ತರ, ಎಂಬತ್ತರ ದಶಕದ ಬಣ್ಣದ ಮದುವೆ ಆಲ್ಬಂ ತರಿಸಿ. ಎಲ್ಲರೂ ಕುಂಕುಮ ನೀರಿನಲ್ಲಿ ಮುಳುಗಿದಂತೆ ಕೆಂಪಾಗಿರುತ್ತಾರೆ. ಸಯಾನ್ ಮೊದಲು ಹೊರಟುಹೋಗಿದೆ, ಬೀರುವಿನ ಕತ್ತಲಲ್ಲಿ ಇಟ್ಟಿದ್ದರೂ ಹೋಗಿದೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಹೆಂಡತಿಯ ಹಸಿರು ಧಾರೆಸೀರೆ ಈಗ ಇಟ್ಟಿಗೆ ಬಣ್ಣ. ‘ನಾನು ಉಟ್ಟದ್ದು ಹಸಿರು’ ಎಂದು ಅವಳು, ‘ಫೋಟೋದಲ್ಲಿ ಹಾಗಿಲ್ಲವಲ್ಲ’ ಎಂದು ಮೊಮ್ಮಗಳು.


ತುಂಗೆಯ ದಡ

ಕತ್ತಲೆಕೋಣೆ ಅವರೇ, ನಿಮ್ಮ ಬೆಡ್‌ಶೀಟ್ ಓದಿ ನನಗೆ ತಡೆಯಲಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು, ಅಮೆರಿಕದ ಸ್ಟುಡಿಯೋಗಳಲ್ಲಿ ಇದನ್ನೇ ಮಾಡುತ್ತಿದ್ದರು. ಆಗ ಕ್ಯಾಮೆರಾ ಹಲವು ಸೆಕೆಂಡು ತೆರೆದಿರಬೇಕಿತ್ತು, ಮಗು ಅಲುಗಿದರೆ ಮುಖ ಕಲಸಿಹೋಗುತ್ತಿತ್ತು. ಹಾಗಾಗಿ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೇಲೆ ಪರದೆಯನ್ನೋ ಹೂವಿನ ಬಟ್ಟೆಯನ್ನೋ ಹೊದಿಸಿ, ಮಡಿಲಲ್ಲಿ ಮಗುವನ್ನು ಇಡುತ್ತಿದ್ದರು. ಕಟ್ಟು ಹಾಕುವಾಗ ಮೊಟ್ಟೆಯಾಕಾರದ ರಟ್ಟು ತಾಯಿಯನ್ನು ಮರೆಮಾಡುತ್ತಿತ್ತು. ಈಗ ಆ ರಟ್ಟುಗಳನ್ನು ತೆಗೆದು ನೋಡಿದವರಿಗೆ ಮಗುವಿನ ಹಿಂದೆ ಬಟ್ಟೆ ಹೊದ್ದ ಬೆಟ್ಟದಂಥ ಆಕೃತಿ ಕಾಣುತ್ತದೆ. ಕೆಲವು ಹೆದರಿಕೆ ಹುಟ್ಟಿಸುವಂತಿವೆ. ನೂರೈವತ್ತು ವರ್ಷವಾದರೂ ಉಪಾಯ ಬದಲಾಗಿಲ್ಲ.

ನನ್ನದೂ ಒಂದು ಇದೆ. ಅಮ್ಮ ತೀರ್ಥಹಳ್ಳಿಯ ಹತ್ತಿರ, ನಾನು ವೈಟ್‌ಫೀಲ್ಡ್‌ನಲ್ಲಿ. ರಾತ್ರಿ ಎಂಟೂವರೆಗೆ ವಿಡಿಯೋ ಕರೆ. ಅಮ್ಮನಿಗೆ ಫೋನನ್ನು ಮುಖಕ್ಕೆ ಹಿಡಿಯುವ ಅಭ್ಯಾಸವೇ ಇಲ್ಲ, ಕಿವಿಗೆ ಹತ್ತಿರ ಇಟ್ಟುಕೊಂಡರೆ ಚೆನ್ನಾಗಿ ಕೇಳಿಸುತ್ತದಂತೆ. ಎರಡು ವರ್ಷದಲ್ಲಿ ನಾನು ಪರದೆಯಿಂದ ಹಿಡಿದಿಟ್ಟ ಚಿತ್ರಗಳಲ್ಲಿ ಬಹುಪಾಲು ಅಡುಗೆಮನೆಯ ಹೆಂಚಿನ ಮಾಡು, ಒಂದು ಗಾಜಿನ ಹೆಂಚು, ಮೂಲೆಯಲ್ಲಿ ಅರ್ಧ ಹಣೆ. ಕಳೆದ ಜೂನ್‌ನಿಂದ ಗಾಜಿನ ಹೆಂಚಿನ ಪಕ್ಕದ ಹೆಂಚು ಒಡೆದಿದೆ ಎಂದು ಅಮ್ಮನಿಗಿಂತ ಮೊದಲು ಕಂಡದ್ದು ನನಗೆ. ಮೇಸ್ತ್ರಿಗೆ ಬೆಂಗಳೂರಿನಿಂದಲೇ ಫೋನು ಮಾಡಿದೆ. ಇದನ್ನು ಹತ್ತಕ್ಕೆ ಹನ್ನೆರಡು ಇಂಚಿಗೆ ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ, ಆದರೂ ಬೇಕಿದ್ದರೆ ಕೊಡುತ್ತೇನೆ. ಅಮ್ಮನನ್ನು ಕೇಳಿದ್ದೇನೆ. ‘ನನ್ನ ಮುಖವೇ ಇಲ್ಲವಲ್ಲ, ಹಾಕಿಕೊಳ್ಳಲಿ’ ಎಂದರು.

ಆದರೆ ಆ ಡಬ್ಬಗಳ ವಿಷಯದಲ್ಲಿ ನನಗೆ ನಿಮ್ಮ ಜೊತೆ ಜಗಳವಿದೆ. ತೆಗೆದುಕೊಂಡು ಹೋಗದವರು ಮರೆತೇ ಹೋದರು ಎಂದು ನಿಮಗೆ ಯಾರು ಹೇಳಿದರು? ಅದರಲ್ಲಿ ವರನ ಕಡೆಯವರಿಗೆ ಕೊಡಲು ಹುಡುಗಿಯರಿಂದ ತೆಗೆಸಿದ ಫೋಟೋಗಳು ಎಷ್ಟಿವೆಯೋ! ಸಂಬಂಧ ಬೇಡವಾಗಿ ಬರದೆ ಇದ್ದವರಿರಬಹುದು. ನನ್ನ ದೊಡ್ಡಮ್ಮನ ಮಗಳು ಅಂಥ ಒಂದು ಫೋಟೋವನ್ನು ಸ್ಟುಡಿಯೋದಲ್ಲಿ ಬಿಟ್ಟುಬಂದದ್ದು ಬೇಕೆಂದೇ. ಅದನ್ನು ಹತ್ತು ವರ್ಷದ ಮೇಲೆ ವಾಚನಾಲಯದ ಗೋಡೆಯಲ್ಲಿ ಕಂಡರೆ ಅವಳು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಮುಖಗಳು ಬೇಡ. ಹಾಕುವುದಾದರೆ ಕವರ್‌ಗಳನ್ನು ಹಾಕಿ, ಮುಚ್ಚಿದಂತೆಯೇ.

ಕೊನೆಗೊಂದು ಕುತೂಹಲ. ಆ ನಾಲ್ಕು ಬೆರಳಲ್ಲಿ ಉಂಗುರವಿದೆಯೇ?


ನಾಲ್ಕು ಫಿಲಂ

ಮೇಡಂ ಹೇಳಿದ್ದು ಸರಿ. ಕವರ್ ಮೇಲೆ ಏನು ಬರೆದಿರುತ್ತದೆ? ಹೆಸರಿದ್ದರೆ ಅದನ್ನೂ ಮುಚ್ಚಿ.


ಕತ್ತಲೆಕೋಣೆ

ಮೂರು ದಿನ ಇತ್ತ ಬರಲಾಗಲಿಲ್ಲ, ಹಿನ್ನೆಲೆಯ ಪರದೆಗಳನ್ನು ಗುಜರಿಯವನಿಗೆ ಹಾಕುತ್ತಿದ್ದೆ. ನಂದಿಬೆಟ್ಟ, ಮಂಜು, ಹಂಸ ಇರುವ ಕೊಳ ಎಲ್ಲವೂ ತೂಕಕ್ಕೆ ಹೋದವು. ತಾಜ್‌ಮಹಲನ್ನು ಮಾತ್ರ ಪಕ್ಕದ ಇಸ್ತ್ರಿ ಅಂಗಡಿಯವರು ಮಳೆ ನೀರಿಗೆ ಅಡ್ಡ ಕಟ್ಟಲು ಕೇಳಿಕೊಂಡು ಹೋದರು.

ಉಂಗುರವಿಲ್ಲ. ಕೇಳಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ತೋರುಬೆರಳಿನ ಬದಿಯಲ್ಲಿ ಈಳಿಗೆಯ ಹಳೆಯ ಗೀರುಗಳಿವೆ, ನಾಲ್ಕೈದು. ಅದು ತಾಯಿಯ ಕೈಯಲ್ಲ. ತಾಯಿ ಹೆರಿಗೆ ರಜೆ ಮುಗಿಸಿ ಆಗಲೇ ಸಿಂಗಪುರದ ಕೆಲಸಕ್ಕೆ ಹಿಂದಿರುಗಿದ್ದಳು. 2013ರ ಮಾತು. ಕೂಸನ್ನು ಸ್ಟುಡಿಯೋಗೆ ಕರೆತಂದದ್ದು ಅಜ್ಜಿ, ಅವಳ ತಾಯಿ. ಪಾಸ್‌ಪೋರ್ಟ್ ಬಂದ ಕೂಡಲೇ ಅಪ್ಪ ಬಂದು ಕೂಸನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಬೆಡ್‌ಶೀಟಿನೊಳಗೆ ಸೆಕೆಯಾಗುತ್ತದೆ, ಬೇಗ ಮುಗಿಸುತ್ತೇನೆ ಎಂದೆ. ಆಕೆ ಒಳಗಿನಿಂದಲೇ, ‘ನಿಧಾನವಾಗಿ ತೆಗೆಯಪ್ಪ, ಅವಸರವೇನಿಲ್ಲ’ ಎಂದರು. ಹನ್ನೊಂದು ಸಲ ತೆಗೆದೆ. ಹತ್ತರಲ್ಲಿ ಕೂಸು ಕಣ್ಣು ಮುಚ್ಚಿದೆ ಅಥವಾ ಬೆರಳು ಕಂಡಿದೆ. ಹನ್ನೊಂದನೆಯದನ್ನು ಕೊಟ್ಟು ಕಳಿಸಿದೆ.

ವಾರ ಬಿಟ್ಟು ಆಕೆ ಒಬ್ಬರೇ ಬಂದರು. ಬೆರಳು ಕಂಡದ್ದನ್ನು ದೊಡ್ಡದು ಮಾಡಿ ಒಂದು ಪ್ರತಿ ಕೊಡು ಎಂದರು. ‘ಅದು ಚೆನ್ನಾಗಿಲ್ಲಮ್ಮ, ಸರಿಯಾದದ್ದನ್ನೇ ದೊಡ್ಡದು ಮಾಡಿಕೊಡುತ್ತೇನೆ’ ಎಂದು ದಡ್ಡನ ಹಾಗೆ ವಾದಿಸಿದೆ. ಆಕೆ ವಾದಿಸಲಿಲ್ಲ, ಮುಂಗಡ ಇಟ್ಟರು. ಆಮೇಲೆ ಬರಲಿಲ್ಲ. ಅವರ ಮನೆ ಎಲ್ಲೆಂದು ನಾನು ಕೇಳಿರಲಿಲ್ಲ. ಎರಡು ರಸ್ತೆ ಆಚೆಗಿನವರೆಂದುಕೊಂಡಿದ್ದೆ.

ಹಾಗಾಗಿ ಅದೂ ಡಬ್ಬದ ಲೆಕ್ಕಕ್ಕೇ ಬರುತ್ತದೆ. ತುಂಗೆಯ ದಡದವರ ನ್ಯಾಯವನ್ನು ಒಪ್ಪಿದ ಮೇಲೆ ಇದಕ್ಕೊಂದು ಬೇರೆ ನ್ಯಾಯ ಮಾಡುವಂತಿಲ್ಲ. ತೆಗೆದು ಮತ್ತೆ ಕವರ್‌ನೊಳಗೆ ಇಟ್ಟಿದ್ದೇನೆ.

ಈಗ ಗೋಡೆಯ ಲೆಕ್ಕ ಹೀಗಿದೆ. ಬಲೂನಿನವರು ಇರುವ ಬೆಂಚು (ಮೂಲ ಪ್ರತಿ ಬಂತು, ಬೆಂಚಿನ ತಮ್ಮನಿಗೆ ಧನ್ಯವಾದ). ಹೆಂಚಿನ ಮಾಡು. ರಷ್ಯಾದ ನದಿ. ಕೆಂಪಾದ ಧಾರೆಸೀರೆ, ನಾಲ್ಕು ಫಿಲಂನವರ ಶ್ರೀಮತಿಯವರು ಒಪ್ಪಿದರೆ. ಓರೆ ಸರದವರ ಮನೆ ಪ್ರಕಾಶನಗರದಲ್ಲಿ, ನಿನ್ನೆ ಹೋಗಿ ಕೇಳಿದೆ. ಈಗ ಅವರಿಗೆ ಎಪ್ಪತ್ತೈದು. ‘ಹಾಕಿ, ಆದರೆ ನನ್ನ ಹೆಸರು ಬೇಡ, ಪಕ್ಕದಲ್ಲಿ ಮೂಲ ಫೋಟೋವನ್ನೂ ಹಾಕಿ’ ಎಂದರು. ಅಲ್ಲಿಗೆ ಆರು. ಉಳಿದ ಆರು ಜಾಗಕ್ಕೆ ಆರು ಕವರ್, ಮುಚ್ಚಿದಂತೆಯೇ. ಕಟ್ಟು ಹಾಕುವವನು ‘ಒಳಗೆ ಏನಿದೆ ಸಾರ್?’ ಎಂದು ಈಗಾಗಲೇ ಎರಡು ಸಲ ಕೇಳಿದ್ದಾನೆ. ಗಾಜಿಗೂ ಕವರ್‌ಗೂ ನಡುವೆ ರಟ್ಟಿನ ಅಂಚು ಹಾಕಲು ಹೇಳಿದ್ದೇನೆ.

ನಾಲ್ಕು ಫಿಲಂ ಅವರೇ, ಹೆಸರಿರುವ ಕವರ್‌ಗಳನ್ನು ಆರಿಸಿಲ್ಲ. ಅಜ್ಜಿಯ ಕವರ್ ಮೇಲೆ ನನ್ನ ಅಕ್ಷರದಲ್ಲಿ ಇರುವುದು ಇಷ್ಟೇ: ‘ಪಾಪು, 5x7, ಒಂದು ಪ್ರತಿ. ಬೆರಳು ಅಳಿಸಬಾರದು. ಮುಂಗಡ 20, ಬಾಕಿ 30.’